ಹಳೇ ಕಟ್ಟಿಗೆ ಬಾಯ್ಲರ್, ಗಡಸು ಬೋರ್ ನೀರು: ನಾನು ಹೊಂದಿಸಿದ ಬಗೆ

ಸೆಕೆಂಡ್ ಹ್ಯಾಂಡ್ ಕಟ್ಟಿಗೆ ಬಾಯ್ಲರ್ ತಗೋಬೇಡಿ, ಎರಡು ವರ್ಷಕ್ಕೆ ತಳ ತೂತು ಬೀಳುತ್ತೆ ಅಂತ ನಮ್ಮ ದಾವಣಗೆರೆ, ಜಗಳೂರು ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ತೂತು ಬೀಳುವುದು ನಿಜ. ಆದರೆ ಅದು ಹಳೆಯದಾಗಿದ್ದಕ್ಕಲ್ಲ, ದಿನಾ ಅದರ ಹೊಟ್ಟೆಗೆ ಹೊಸ ಬೋರ್ ನೀರು ತುಂಬುವುದಕ್ಕೆ. ಒಳಗಿನ ನೀರನ್ನು ಬದಲಿಸದೆ, ಸ್ನಾನದ ನೀರನ್ನು ಅದರೊಳಗೆ ಮುಳುಗಿಸಿದ ತಾಮ್ರದ ಕಾಯಿಲ್ (ಸುರುಳಿ ಟ್ಯೂಬ್) ಮೂಲಕ ಹರಿಸಿ ಬಿಸಿ ಮಾಡಿದರೆ ಹಳೇ ಬಾಯ್ಲರ್ ಚೆನ್ನಾಗಿ ಬಾಳುತ್ತೆ. ನಮ್ಮ ಹಿತ್ತಿಲಲ್ಲಿ ಮೂರು ಮಳೆಗಾಲ ದಾಟಿದೆ. ಹನಿ ನೀರು ಸೋರಿಲ್ಲ.

ಹಿಮ ಬೀಳುವ ದೇಶಗಳಲ್ಲಿ ಮನೆಯಿಂದ ದೂರ ಒಲೆ ಇಟ್ಟು, ಅದರ ಸುತ್ತಲಿನ ನೀರನ್ನು ಕಾಯಿಸಿ, ನೆಲದಡಿಯ ಪೈಪಿನಲ್ಲಿ ಮನೆಗೆ ಕಳಿಸಿ ಕೋಣೆ ಬೆಚ್ಚಗೆ ಮಾಡುತ್ತಾರೆ. ಆ ಒಲೆಯಲ್ಲೂ ಒಳಗಿನ ನೀರು ಖರ್ಚಾಗುವುದಿಲ್ಲ, ಅದೇ ನೀರು ಸುತ್ತುತ್ತಿರುತ್ತೆ. ನಮಗೆ ಕೋಣೆ ಬೆಚ್ಚಗೆ ಮಾಡುವ ಅಗತ್ಯವಿಲ್ಲ, ಸ್ನಾನಕ್ಕೆ ಬಿಸಿನೀರು ಸಾಕು. ತತ್ವ ಮಾತ್ರ ಒಂದೇ.

ಮೊದಲು ಸುಣ್ಣದ ಲೆಕ್ಕ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲ ಅಂದರೆ 600ರ ತನಕ ಒಪ್ಪಬಹುದು. ನಮ್ಮ ಬೋರ್ ನೀರು 700 ದಾಟುತ್ತೆ. ಇದರಲ್ಲಿ ಕಾದಾಗ ಗಟ್ಟಿ ಕಟ್ಟುವ ಭಾಗ ಲೀಟರಿಗೆ 200 ಮಿಲಿಗ್ರಾಂ ಅಂತ ಕಮ್ಮಿ ಹಿಡಿದರೂ, ದಿನಕ್ಕೆ 250 ಲೀಟರ್ ನೀರಿಗೆ 50 ಗ್ರಾಂ ಸುಣ್ಣ. ವರ್ಷಕ್ಕೆ 18 ಕೆಜಿ. ಇದರಲ್ಲಿ ಬಹಳಷ್ಟು ಬೆಂಕಿ ತಾಗುವ ತಗಡಿನ ಒಳಮೈಗೇ ಅಂಟುತ್ತೆ. ಸುಣ್ಣದ ಹಿಂದಿನ ತಗಡಿಗೆ ನೀರಿನ ತಂಪು ಸಿಗದೆ ಅದು ವಿಪರೀತ ಕಾಯುತ್ತೆ, ಉಬ್ಬುತ್ತೆ, ಕೊನೆಗೆ ವೆಲ್ಡಿಂಗ್ ಪಕ್ಕದಲ್ಲಿ ಸೀಳುತ್ತೆ.

ಗೀಸರ್ ಯಾಕೆ ಬೇಡ ಅನ್ನುವುದಕ್ಕೂ ಲೆಕ್ಕವಿದೆ. 250 ಲೀಟರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 10 ಯೂನಿಟ್ ಬೇಕು, ತಿಂಗಳಿಗೆ 300. ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟಿದರೆ ಇಡೀ ಬಿಲ್ ನಮ್ಮ ತಲೆಗೇ ಬರುತ್ತೆ. ಹತ್ತು ಹನ್ನೆರಡು ಜನರ ಮನೆಗೆ ಗೀಸರ್ ದುಬಾರಿ ಬೀಳುವುದು ಇಲ್ಲೇ. ಸೋಲಾರ್ ಒಳ್ಳೆಯದೇ, ಆದರೆ ಈ ನೀರಿಗೆ ಅದರ ಟ್ಯೂಬಲ್ಲೂ ಸುಣ್ಣ ಕಟ್ಟುತ್ತೆ, ಜುಲೈ ಮೋಡದಲ್ಲಿ ನೀರು ಉಗುರುಬೆಚ್ಚಗೂ ಆಗುವುದಿಲ್ಲ.

ಈಗ ಕೊಳ್ಳುವ ವಿಷಯ. ಸೋಲಾರಿಗೆ ಹೋದ ಹಾಸ್ಟೆಲ್, ಲಾಡ್ಜ್, ಕಲ್ಯಾಣ ಮಂಟಪಗಳು ಹಳೇ ಬಾಯ್ಲರನ್ನು ಮಾರುತ್ತವೆ, ಕೆಲವು ಗುಜರಿಗೂ ಬಂದು ಬಿದ್ದಿರುತ್ತವೆ. ನಾನು ನೋಡಿದ್ದು ನಿಂತ ಸಿಲಿಂಡರ್ ಮಾದರಿ: ಹೊರಗೆ ಎರಡಡಿ ವ್ಯಾಸ, ನಾಲ್ಕಡಿ ಎತ್ತರ, ಒಳಗೆ ಒಂದೂವರೆ ಅಡಿ ವ್ಯಾಸದ ಒಲೆ, ನಡುವೆ ಐದಿಂಚಿನ ಹೊಗೆ ಕೊಳವೆ. ನೀರು ಸುಮಾರು 250 ಲೀಟರ್ ಹಿಡಿಯುತ್ತೆ. ಹೊರ ತಗಡು 3 ಎಂಎಂ, ಒಲೆಯದು 5 ಎಂಎಂ ಇರಲೇಬೇಕು. ಒಲೆ ತಗಡು 3 ಎಂಎಂ ಆಗಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಹೊಸದಾಗಿ ರೆಡ್ ಆಕ್ಸೈಡ್ ಬಣ್ಣ ಬಳಿದಿದ್ದರೆ ಏನೋ ಮುಚ್ಚಿಟ್ಟಿದ್ದಾರೆ ಅಂತಲೇ ತಿಳಿಯಿರಿ. ಅಯಸ್ಕಾಂತ ಹಿಡಿದು ಪೂರ್ತಿ ಮೈ ಸವರಿ. ತೂತಿಗೆ ಎಂಸೀಲ್ ಅಂಟು ತುಂಬಿದ ಕಡೆ ಅದು ಅಂಟುವುದಿಲ್ಲ. ಬೆಂಕಿ ಬಾಗಿಲಿನ ಸುತ್ತ ಇರುವ ಉಂಗುರ ಮತ್ತು ಒಲೆಯ ಬುಡ, ಇವೆರಡೇ ಮೊದಲು ಹೋಗುವ ಜಾಗ. ಅಲ್ಲಿ ಬೂದಿಗೆ ತೇವ ಸೇರಿ ತಗಡನ್ನು ಹೊರಗಿನಿಂದ ತಿನ್ನುತ್ತೆ, ಒಳಗಿನಿಂದ ಕೆಸರು ತಿನ್ನುತ್ತೆ. ಅರ್ಧ ಕೆಜಿ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಠಣ್ ಅನ್ನುತ್ತೆ, ಸವೆದದ್ದು ಡಬ್ ಅನ್ನುತ್ತೆ. ಅನುಮಾನ ಬಂದ ಕಡೆ 6 ಎಂಎಂ ಡ್ರಿಲ್ ಹಾಕಿ, ಕೊಕ್ಕೆ ತಂತಿಯಿಂದ ದಪ್ಪ ಅಳೆಯಿರಿ. ಆ ತೂತನ್ನು ಆಮೇಲೆ ವೆಲ್ಡ್ ಮಾಡಿಸಬಹುದು. ಮಾರುವವರು ಡ್ರಿಲ್ ಹಾಕಲು ಬಿಡದಿದ್ದರೆ ಉತ್ತರ ಸಿಕ್ಕಂತೆ. ಒಲೆಯ ನೆತ್ತಿ ತಗಡಿಗೆ ನೇರ ಪಟ್ಟಿ ಇಟ್ಟು ನೋಡಿ, ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಉಬ್ಬಿದ್ದರೆ ಅದು ಸುಣ್ಣದಿಂದ ಸುಟ್ಟ ಬಾಯ್ಲರ್. ತಳದ ಡ್ರೈನ್ ಪ್ಲಗ್ (ನೀರು ಖಾಲಿ ಮಾಡುವ ಬಿರಡೆ) ಬಿಚ್ಚಿಸಿ. ಬರದಿದ್ದರೆ ಅದರ ಆಯುಸ್ಸಿನಲ್ಲಿ ಒಮ್ಮೆಯೂ ಕೆಸರು ತೆಗೆದಿಲ್ಲ.

ಕೊನೆಗೆ ನೀರಿನ ಪರೀಕ್ಷೆ. ಬಾಯಿಗಳನ್ನೆಲ್ಲ ಮುಚ್ಚಿ, ಮೇಲಿನ ಒಂದು ಬಾಯಿಗೆ ಹತ್ತಡಿ ಪೈಪ್ ನೆಟ್ಟಗೆ ನಿಲ್ಲಿಸಿ, ಪೈಪಿನ ತುದಿ ತನಕ ನೀರು ತುಂಬಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪೈಪಿನಲ್ಲಿ ಮಟ್ಟ ಇಳಿದಿರಬಾರದು. ಇಷ್ಟು ಪಾಸಾದರೂ ಒಂದು ಅಪಾಯ ಉಳಿಯುತ್ತೆ: ಎಷ್ಟೋ ಸಣ್ಣ ತೂತುಗಳನ್ನು ಸುಣ್ಣವೇ ಮುಚ್ಚಿಕೊಂಡಿರುತ್ತೆ. ಆದ್ದರಿಂದ ಬೆಲೆ ಮಾತಾಡುವಾಗ, ಸುಣ್ಣ ಬಿಡಿಸಿದ ಮೇಲೆ ಸೋರಿದರೆ ಪ್ಯಾಚಿನ ಖರ್ಚು ಇಷ್ಟು ಅಂತ ಮೊದಲೇ ಮುರಿದುಕೊಳ್ಳಿ. ನನಗೆ ಮಾರಿದವರು ಕೇಳಿದ್ದು 22 ಸಾವಿರ. ಗುಜರಿ ತೂಕದ ಲೆಕ್ಕದಲ್ಲಿ 130 ಕೆಜಿ ಕಬ್ಬಿಣಕ್ಕೆ ನಾಲ್ಕು ಸಾವಿರ ಚಿಲ್ಲರೆ ಆಗುತ್ತಿತ್ತು. 13 ಸಾವಿರಕ್ಕೆ ಮುಗಿಸಿದೆ.

ಸುಣ್ಣ ಬಿಡಿಸಲು ಇಲ್ಲಿ ಎಲ್ಲರೂ ಬಾತ್‌ರೂಮ್ ತೊಳೆಯುವ ಆಸಿಡ್ ಸುರಿಯುತ್ತಾರೆ. ಅದು ಸುಣ್ಣದ ಜೊತೆ ಕಬ್ಬಿಣವನ್ನೂ ತಿನ್ನುತ್ತೆ. ನಾನು ಹಾಕಿದ್ದು ಸಲ್ಫಾಮಿಕ್ ಆಸಿಡ್ ಪುಡಿ, ನೂರು ಲೀಟರಿಗೆ 5 ಕೆಜಿ, ಒಟ್ಟು 12 ಕೆಜಿ. ನೀರು 50 ಡಿಗ್ರಿ ಬೆಚ್ಚಗಿದ್ದರೆ ಕೆಲಸ ಬೇಗ, 60 ದಾಟಿದರೆ ಪುಡಿಯ ಶಕ್ತಿ ಹೋಗುತ್ತೆ. ನೀರನ್ನು ಮೊದಲೇ ಕಾಯಿಸಿ, ಬೆಂಕಿ ಪೂರ್ತಿ ಆರಿಸಿ, ಆಮೇಲೆ ಪುಡಿ ಹಾಕಬೇಕು. ಆಸಿಡ್ ಕಬ್ಬಿಣಕ್ಕೆ ತಾಗಿದಾಗ ಹೈಡ್ರೋಜನ್ ಬರುತ್ತೆ, ಹತ್ತಿರ ಬೀಡಿ ಕೂಡ ಹಚ್ಚಬಾರದು. ಮೇಲಿನ ಬಾಯಿ ತೆರೆದಿರಲಿ, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ನೊರೆ ನಿಂತ ಮೇಲೆ ಖಾಲಿ ಮಾಡಿ, ಎರಡು ಸಲ ತೊಳೆದು, ಎರಡೂವರೆ ಕೆಜಿ ವಾಷಿಂಗ್ ಸೋಡಾ ಕರಗಿಸಿದ ನೀರು ತುಂಬಿ ಒಂದು ಗಂಟೆ ಬಿಡಬೇಕು. ಒಳಗಿಂದ ಎರಡು ಬುಟ್ಟಿ ಚಕ್ಕೆ ಬಂತು. ಬಾಗಿಲ ಉಂಗುರದ ಕೆಳಗೆ ಎರಡು ಕಡೆ ಸೋರಿಕೆಯೂ ಕಾಣಿಸಿತು. ಸವೆದ ತಗಡಿನ ಮೇಲೇ ವೆಲ್ಡ್ ಎಳೆದರೆ ರಾಡ್ ತಗಡನ್ನೇ ಸುಟ್ಟು ತೂತು ದೊಡ್ಡದಾಗುತ್ತೆ. ಗಟ್ಟಿ ತಗಡು ಸಿಗುವ ತನಕ ಕತ್ತರಿಸಿ, 5 ಎಂಎಂ ತುಂಡು ಕೂರಿಸಿ, ಮೂಲೆಗಳನ್ನು ದುಂಡಗೆ ಮಾಡಿ ಬೆಸೆಯಬೇಕು. ಹರಿಹರದಲ್ಲಿ ಈ ಕೆಲಸ ಗೊತ್ತಿರುವ ಕೈಗಳು ಇನ್ನೂ ಇವೆ. ಮೈಸೂರು ಕಿರ್ಲೋಸ್ಕರ್ ಲೇತ್ ಮಾಡುತ್ತಿದ್ದ ಊರು ಅದು.

ಕಾಯಿಲ್ ವಿಷಯಕ್ಕೇ ಎಲ್ಲರ ತಕರಾರು ಇದ್ದದ್ದು. ‘ಅಣ್ಣಾ, ಹಂಗೇ ಹರಿದು ಹೋಗೋ ನೀರಿಗೆ ಬಿಸಿ ಹತ್ತಾಕೆ ಟೈಮ್ ಎಲ್ಲೈತಿ?’ ಅಂತ ಪ್ಲಂಬರ್ ಕೆಲಸಕ್ಕೇ ಒಪ್ಪಿರಲಿಲ್ಲ. ಹತ್ತುತ್ತೆ, ಉದ್ದ ಸಾಕಷ್ಟಿರಬೇಕು ಅಷ್ಟೆ. ಎಸಿ ಸಾಮಾನಿನ ಅಂಗಡಿಯಲ್ಲಿ 5/8 ಇಂಚಿನ ಮೆತ್ತನೆ ತಾಮ್ರದ ಟ್ಯೂಬ್ 50 ಅಡಿ ಸುರುಳಿಯಾಗಿ ಸಿಗುತ್ತೆ, ಸುಮಾರು 5 ಕೆಜಿ ತೂಗುತ್ತೆ. ಇಪ್ಪತ್ತೈದಡಿ ಹಾಕಿ ನೋಡಿದಾಗ ಬರೀ ಉಗುರುಬೆಚ್ಚಗಿನ ನೀರು ಬಂತು. ಪೂರ್ತಿ 50 ಅಡಿ ಹಾಕಿದ ಮೇಲೆ, ಒಳಗಿನ ನೀರು 75 ಡಿಗ್ರಿ ಇದ್ದಾಗ ನಿಮಿಷಕ್ಕೆ ಆರು ಲೀಟರ್ 50 ಡಿಗ್ರಿಯ ಹತ್ತಿರ ಬರುತ್ತೆ. ಅದಕ್ಕೆ ತಣ್ಣೀರು ಬೆರೆಸದೆ ಮೈಗೆ ಹಾಕಿಕೊಳ್ಳಲು ಆಗುವುದಿಲ್ಲ.

ಒಲೆಯ ನೆತ್ತಿಯ ಮೇಲೆ, ಹೊಗೆ ಕೊಳವೆಯ ಸುತ್ತ ಎರಡಡಿಯಷ್ಟು ಜಾಗವಿದೆ. ಕಾಯಿಲ್ ಕೂರಬೇಕಾದ್ದು ಅಲ್ಲೇ. ಮೇಲಿನ ಮುಚ್ಚಳ ಕತ್ತರಿಸಿ, ಅಂಚಿಗೆ ಪಟ್ಟಿ ಬೆಸೆದು, ಬೋಲ್ಟ್ ಹಾಕಿ ಬಿಚ್ಚುವಂತೆ ಮಾಡಿಸಿದೆ. ಗ್ಯಾಸ್ಕೆಟ್‌ಗೆ ಲಾರಿ ಟ್ಯೂಬ್ ಕತ್ತರಿಸಿ ಹಾಕಿದರೆ ಬಿಸಿಗೆ ಗಡಸಾಗಿ ಬಿರಿಯುತ್ತೆ, ಸಿಲಿಕಾನ್ ಶೀಟೇ ಬೇಕು. ಟ್ಯೂಬಿಗೆ ಒಣ ಮರಳು ತುಂಬಿ, ಎರಡೂ ಬಾಯಿ ಬಡಿದು ಮುಚ್ಚಿ, ಹದಿನಾರು ಇಂಚು ವ್ಯಾಸಕ್ಕೆ ಸುತ್ತಿದರೆ ಮಡಚುವುದಿಲ್ಲ. ಹನ್ನೆರಡು ಸುತ್ತು ಬರುತ್ತೆ. ಸುತ್ತುಗಳ ನಡುವೆ ಬೆರಳು ತೂರುವಷ್ಟು ಸಂದಿ ಇರಲೇಬೇಕು. ಆ ಸಂದಿ ಬಿಸಿಯಲ್ಲೂ ಕೂಡಿಕೊಳ್ಳದಂತೆ ಹಿಡಿದಿಡಲು ನಾನು ಮಾಡಿದ ಉಪಾಯವನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ನೀರಿನೊಳಗೆ ಒಂದೂ ಜಾಯಿಂಟ್ ಇರಬಾರದು. ಹೊರಬರುವ ಕಡೆ ಹಿತ್ತಾಳೆ ಫಿಟಿಂಗ್. ತಣ್ಣೀರು ಕಾಯಿಲಿನ ಕೆಳ ತುದಿಗೆ, ಬಿಸಿನೀರು ಮೇಲಿನ ತುದಿಯಿಂದ.

ತಣ್ಣೀರು ಲೈನಿಗೆ ನಾನ್ ರಿಟರ್ನ್ ವಾಲ್ವ್ (ನೀರು ಹಿಂದೆ ಹೋಗದಂತೆ ತಡೆಯುವಂಥದ್ದು) ಹಾಕಲೇಬೇಡಿ. ನಲ್ಲಿ ಮುಚ್ಚಿದಾಗ ಕಾಯಿಲಿನ ನೀರು ಕಾದು ಹಿಗ್ಗಿ ಓವರ್‌ಹೆಡ್ ಟ್ಯಾಂಕಿನ ಕಡೆ ಹಿಂದೆ ಸರಿಯಲು ದಾರಿ ಬೇಕು. ಹಾಗೆಯೇ ಬಾಯ್ಲರಿನ ನೆತ್ತಿಯಿಂದ ಒಂದಿಂಚಿನ ಜಿಐ (ಸತು ಬಳಿದ ಕಬ್ಬಿಣದ) ಪೈಪ್ ಬಯಲಿಗೆ ತೆರೆದಿರಬೇಕು. ಅದಕ್ಕೆ ವಾಲ್ವ್ ಇಲ್ಲ, ಬಿರಡೆ ಇಲ್ಲ. ಅದನ್ನು ಮುಚ್ಚಿದರೆ ಬಾಯ್ಲರ್ ಬಾಂಬ್ ಆಗುತ್ತೆ. ಕಾಯಿಲಿಂದ ಹೊರಗೆ ಮೊದಲ ಒಂದು ಮೀಟರ್ ಜಿಐ, ಆಮೇಲೆ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪ್). ಬಿಳಿ ಪಿವಿಸಿ ಹಾಕಿದವರ ಮನೆಯಲ್ಲಿ ಪೈಪ್ ಜೋತುಬಿದ್ದಿದೆ. ಕಾಯಿಲಿನಲ್ಲಿ ನಿಂತ ನೀರು ಮೈ ಸುಡುವಷ್ಟು ಕಾದಿರುವುದರಿಂದ ಬಚ್ಚಲಲ್ಲಿ ಮಿಕ್ಸರ್ ನಲ್ಲಿ ಬೇಕು, ಮೊದಲ ಚೊಂಬು ಮಕ್ಕಳ ಕೈಗೆ ಸಿಗಬಾರದು. ಟ್ಯಾಂಕಿನ ತಳ ಶವರಿಗಿಂತ ಎಂಟು ಹತ್ತಡಿ ಮೇಲಿದ್ದರೆ ಪಂಪ್ ಬೇಕಿಲ್ಲ.

ಒಳಗೆ ತುಂಬಿದ್ದು ತಾರಸಿಯ ಮಳೆನೀರು. ಬರೀ ಮಳೆನೀರು ಕಬ್ಬಿಣವನ್ನು ತುಕ್ಕು ಹಿಡಿಸುತ್ತೆ, ಅದಕ್ಕೆ ಪಿಎಚ್ ಪಟ್ಟಿ (ನೀರಿನ ಹುಳಿ, ಕ್ಷಾರ ತೋರಿಸುವ ಕಾಗದ) 9 ದಾಟುವ ತನಕ ವಾಷಿಂಗ್ ಸೋಡಾ ಸೇರಿಸಬೇಕು. ವಾರಕ್ಕೆ ಒಂದೆರಡು ಚೊಂಬು ಆವಿಯಾಗಿ ಹೋಗುತ್ತೆ, ಮಟ್ಟದ ಟ್ಯೂಬ್ ನೋಡಿ ಮಳೆನೀರನ್ನೇ ತುಂಬುತ್ತೇವೆ. ಕೊರತೆ ಇದಕ್ಕಿಂತ ಹೆಚ್ಚಾದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಬೋರ್ ನೀರಿನ ಸುಣ್ಣ ಈಗ ಕಾಯಿಲಿನೊಳಗೆ ಕಟ್ಟುತ್ತೆ, ಆದರೆ ಅಲ್ಲಿ ತೆಗೆಯುವುದು ಸುಲಭ. ಎರಡು ತುದಿಗೂ ಬಾಲ್ ವಾಲ್ವ್ ಮತ್ತು ಟೀ (ಮೂರು ಬಾಯಿಯ ಪೈಪ್ ಜಾಯಿಂಟ್) ಇಟ್ಟಿದ್ದೇನೆ. ಮೂರು ತಿಂಗಳಿಗೊಮ್ಮೆ ಒಲೆ ತಣ್ಣಗಿದ್ದಾಗ ವಾಲ್ವ್ ಮುಚ್ಚಿ, ಹತ್ತು ಲೀಟರ್ ನೀರಿಗೆ ಅರ್ಧ ಕೆಜಿ ಸಲ್ಫಾಮಿಕ್ ಕಲಸಿ ಕೂಲರ್ ಪಂಪಿನಿಂದ ಒಂದು ಗಂಟೆ ಸುತ್ತಿಸಿದರೆ ಟ್ಯೂಬ್ ಶುದ್ಧ. ಆಮೇಲೆ ಚೆನ್ನಾಗಿ ತೊಳೆದೇ ಮನೆಯ ಲೈನಿಗೆ ಬಿಡಬೇಕು.

ಉರುವಲಿನ ಪ್ರಯೋಗ ಬಹಳ ಮಾಡಿದ್ದೇನೆ. ಬಳ್ಳಾರಿ ಜಾಲಿಗೆ ಸಾಟಿ ಇಲ್ಲ, ಆದರೆ ಸೀಳಿ ಆರು ತಿಂಗಳು ನೆರಳಲ್ಲಿ ಒಣಗಿರಬೇಕು, ತುದಿ ಬಿರಿದಿರಬೇಕು. ಹಸಿ ಕಟ್ಟಿಗೆ ತನ್ನ ನೀರನ್ನು ತಾನೇ ಆವಿ ಮಾಡಿಕೊಳ್ಳುತ್ತೆ, ಚಿಮಣಿಯಿಂದ ಕಪ್ಪು ಡಾಂಬರು ಇಳಿಯುತ್ತೆ. ಮೆಕ್ಕೆಜೋಳದ ದಿಂಡು ನಮ್ಮಲ್ಲಿ ಪುಕ್ಕಟೆ. ಬೆಂಕಿ ಹಿಡಿಸಲು ಚೆನ್ನ, ಹತ್ತು ನಿಮಿಷದಲ್ಲಿ ಮಾಯ, ಜೋರು ಗಾಳಿ ಬಿಟ್ಟರೆ ಬೂದಿ ಕರಗಿ ಜಾಲರಿಗೆ ಗಾಜಿನಂತೆ ಅಂಟುತ್ತೆ. ಶೇಂಗಾ ಹೊಟ್ಟು ಸುರಿದರೆ ಬೆಂಕಿ ಉಸಿರುಗಟ್ಟಿ ಸಾಯುತ್ತೆ. ಚನ್ನಗಿರಿ ಕಡೆಯ ಅಡಿಕೆ ಸಿಪ್ಪೆ ಪೂರ್ತಿ ಒಣಗಿದ್ದರೆ ಪರವಾಗಿಲ್ಲ, ಇಲ್ಲದಿದ್ದರೆ ಹೊಗೆಯಷ್ಟೇ. ತೆಂಗಿನ ಚಿಪ್ಪು ಕೊನೆಯಲ್ಲಿ ಎರಡು ಹಿಡಿ ಹಾಕಿದರೆ ಕೆಂಡ ಗಂಟೆಗಟ್ಟಲೆ ನಿಲ್ಲುತ್ತೆ.

ಹೊಗೆ ಕೊಳವೆಯೊಳಗೆ ತಿರುಚಿದ ಕಬ್ಬಿಣದ ಪಟ್ಟಿ ಇಳಿಬಿಟ್ಟಿದ್ದರಿಂದ ದಿನದ ಕಟ್ಟಿಗೆ ಎಂಟೊಂಬತ್ತು ಕೆಜಿಯಿಂದ ಆರರ ಆಸುಪಾಸಿಗೆ ಇಳಿಯಿತು. ಪಟ್ಟಿ ಇರುವಾಗ ಚಿಮಣಿ ಹನ್ನೆರಡಡಿಗೆ ಕಮ್ಮಿ ಇದ್ದರೆ ಎಳೆತ ಸಾಲದೆ ಬಾಗಿಲಿಂದ ಹೊಗೆ ಬರುತ್ತೆ. ಜೋಗಿಮಟ್ಟಿಯ ಗಾಳಿಯಂತ್ರ ತಿರುಗಿಸುವ ಆಷಾಢದ ಗಾಳಿ ಚಿತ್ರದುರ್ಗದವರ ಚಿಮಣಿಯ ಹೊಗೆಯನ್ನು ವಾಪಸ್ ತಳ್ಳುತ್ತೆ, ಅಲ್ಲಿ ತುದಿಗೆ ಟೋಪಿ ಇಲ್ಲದೆ ಆಗದು. ಶಾಖ ಸೋರದಂತೆ ಸುತ್ತಲೂ ನಾಲ್ಕಿಂಚು ಬಿಟ್ಟು ತಗಡು ನಿಲ್ಲಿಸಿ, ಮಂಡಕ್ಕಿ ಭಟ್ಟಿಯಲ್ಲಿ ಸಿಗುವ ಹೊಟ್ಟಿನ ಬೂದಿ ತುಂಬಿದ್ದೇನೆ. ಶಾಖ ತಡೆಯಲು ಸುತ್ತುವ ರಾಕ್‌ವೂಲ್ ಕೇಳಿದರೆ ನಾಲ್ಕು ಸಾವಿರ ಅಂದರು, ಇದಕ್ಕೆ ಖರ್ಚಾದದ್ದು ಚೀಲದ ದುಡ್ಡು. ಮಳೆ ನೀರು ಒಳಗಿಳಿಯಬಾರದು, ನೆನೆದ ಬೂದಿ ತಗಡನ್ನು ತಿನ್ನುತ್ತೆ. ಬಾಗಿಲ ಸುತ್ತಲಿನ ಗಾರೆಗೆ ಹುತ್ತದ ಮಣ್ಣೇ ಮೂಲ. ಅದಕ್ಕೆ ಏನು ಸೇರಿಸಿದ್ದರಿಂದ ಬಿರುಕು ಬಿಟ್ಟಿಲ್ಲ ಅನ್ನುವುದನ್ನು ಒಲೆ ನೋಡಲು ಬಂದವರಿಗೆ ಹೇಳುತ್ತೇನೆ.

ನೆನಪಿದ್ದಷ್ಟು ಖರ್ಚು: ಬಾಯ್ಲರ್ 13 ಸಾವಿರ, ಟೆಂಪೋ ಒಂದೂವರೆ, ವೆಲ್ಡಿಂಗ್ ಎರಡೂವರೆ, ಆಸಿಡ್ ಒಂದೂವರೆ, ತಾಮ್ರ ಐದೂವರೆ, ಪೈಪು ವಾಲ್ವು ನಾಲ್ಕೂವರೆ, ಕಟ್ಟೆ ನಾಲ್ಕು, ಚಿಮಣಿ ಮೂರು. ಒಟ್ಟು 35 ಸಾವಿರದ ಮೇಲೆ ಸ್ವಲ್ಪ. ಇಷ್ಟೇ ನೀರಿನ ಹೊಸ ಸ್ಟೀಲ್ ಬಾಯ್ಲರಿಗೆ 55 ಸಾವಿರ ಹೇಳಿದ್ದರು, ಅದರಲ್ಲೂ ಬೋರ್ ನೀರು ನೇರ ಒಳಗೇ ಹೋಗುತ್ತಿತ್ತು. ಜಾಲಿ ಟನ್ನಿಗೆ ನಾಲ್ಕೂವರೆ ಸಾವಿರದಂತೆ ತಿಂಗಳಿಗೆ ಎಂಟುನೂರು ಚಿಲ್ಲರೆ ಬೀಳುತ್ತೆ, ದಿಂಡಿನ ಕಾಲದಲ್ಲಿ ಅದರ ಅರ್ಧ. ಒಳಗಿನ ನೀರು 85 ಡಿಗ್ರಿ ಮುಟ್ಟಿದ ಮೇಲೆ ಬೆಂಕಿ ಆರಿದರೂ ಇಪ್ಪತ್ತು ಬಕೆಟ್ ಹದವಾದ ನೀರು ಸಿಗುತ್ತೆ.

ಇದನ್ನು ಮಾಡುವವರು ಗಾಬರಿಯಾಗುವ ಒಂದು ವಿಷಯ ಇದೆ. ತಣ್ಣಗಿನ ಬಾಯ್ಲರಿಗೆ ಬೆಂಕಿ ಹಾಕಿದಾಗ ಒಲೆಯ ಒಳಗೋಡೆ ಬೆವರಿ ನೀರು ಇಳಿಯುತ್ತೆ. ಅದು ಸೋರಿಕೆಯಲ್ಲ, ಹೊಗೆಯಲ್ಲಿನ ಆವಿ ತಣ್ಣನೆ ತಗಡಿಗೆ ತಾಗಿ ನೀರಾಗುವುದು. ಒಳಗಿನ ನೀರು 60 ಡಿಗ್ರಿ ದಾಟಿದ ಮೇಲೂ ಹನಿಯುತ್ತಿದ್ದರೆ ಮಾತ್ರ ವೆಲ್ಡರನ್ನು ಕರೆಯಿರಿ. ಆ ಬೆವರು ಹುಳಿ ಇರುವುದರಿಂದ ದಿನಾ 60 ದಾಟಿಸಿಯೇ ಬೆಂಕಿ ಆರಲು ಬಿಡಬೇಕು, ಬೂದಿಯನ್ನು ಮಾರನೇ ದಿನಕ್ಕೆ ಉಳಿಸಬಾರದು. ನೀರಿಲ್ಲದೆ ಕಾದುಹೋದ ಬಾಯ್ಲರಿಗೆ ತಣ್ಣೀರು ಸುರಿಯಬೇಡಿ, ಕೆಂಡ ಎಳೆದು ಹಾಕಿ ತಾನಾಗಿ ತಣಿಯಲು ಬಿಡಿ. ಜಾಗವಿಲ್ಲ ಅಂತ ಇದನ್ನು ಬಚ್ಚಲ ಒಳಗೆ ಇಡುವ ಯೋಚನೆಯೂ ಬೇಡ, ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿಗೆ ವಾಸನೆ ಇರುವುದಿಲ್ಲ.