ಮೈಸೂರು ಅರಮನೆ: ಒಳಗೆ ಎಲ್ಲಿ ನಿಲ್ಲಬೇಕು, ಏನು ನೋಡಬೇಕು

ಮೈಸೂರು ಅರಮನೆ ನೋಡಿ ಬಂದವರನ್ನು ಒಳಗೆ ಏನೇನಿತ್ತು ಎಂದು ಕೇಳಿ. ಬಹಳ ಮಂದಿಗೆ ನೆನಪಿರುವುದು ಮುಂದಿದ್ದವರ ಬೆನ್ನು ಮಾತ್ರ. ತಪ್ಪು ಅವರದಲ್ಲ, ಹೋದ ಹೊತ್ತಿನದು. ಅರಮನೆ ತೆರೆದಿರುವುದು ಬೆಳಿಗ್ಗೆ 10ರಿಂದ ಸಂಜೆ 5.30ರವರೆಗೆ. ವಾರದ ನಡುವಿನ ದಿನ ಹತ್ತಕ್ಕೇ, ಪ್ರವಾಸಿಗರು ಒಳಹೋಗುವ ವರಾಹ ದ್ವಾರದ ಬಳಿ ಇದ್ದರೆ, ಪ್ರವಾಸದ ಬಸ್ಸುಗಳ ಜನ ತುಂಬುವ ಮುನ್ನ ಒಳಗೆ ನಿಧಾನವಾಗಿ ತಿರುಗಬಹುದು. ವಾರದ ರಜೆ ಇಲ್ಲ. ‘ಇವತ್ತು ಅರಮನೆ ಬಂದ್, ಬನ್ನಿ ಸಿಲ್ಕ್ ಅಂಗಡಿ ತೋರಿಸ್ತೀನಿ’ ಎಂದು ಹೊರಗೆ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನವರಾತ್ರಿಯಲ್ಲಿ ಖಾಸಗಿ ದರ್ಬಾರು, ಪೂಜೆಗಳಿರುವ ದಿನ ಮಾತ್ರ ಪ್ರವೇಶದ ಹೊತ್ತು ಬದಲಾಗುತ್ತದೆ, ಮೊದಲೇ ವಿಚಾರಿಸಿ.

ಚಪ್ಪಲಿ ಹೊರಗೆ ಬಿಡಬೇಕು. ಬೇಸಿಗೆಯ ಮಧ್ಯಾಹ್ನ ಅಂಗಳದ ಕಲ್ಲು ಕಾಲು ಸುಡುತ್ತದೆ. ಕಾಲುಚೀಲ ಹಾಕಿಕೊಂಡರೆ ಒಳಗಿನ ನುಣುಪು ನೆಲದಲ್ಲಿ ಜಾರುತ್ತದೆ, ವಯಸ್ಸಾದವರು ಎಚ್ಚರ. ಬೆಳಿಗ್ಗೆ ಹೋಗಲು ಕಲ್ಲಿನ ಈ ಬಿಸಿಯೂ ಒಂದು ಕಾರಣ.

ಗೊಂಬೆಗಳನ್ನು ಜೋಡಿಸಿಟ್ಟಿರುವ ಗೊಂಬೆ ತೊಟ್ಟಿಯ ಕಡೆ ಚಿನ್ನದ ಅಂಬಾರಿಯನ್ನು ಮೊದಲು ಚೆನ್ನಾಗಿ ನೋಡಿಕೊಳ್ಳಿ. ಅದು ಗಟ್ಟಿ ಚಿನ್ನವಲ್ಲ, ಮರದ ಮೇಲೆ ಚಿನ್ನದ ತಗಡು ಹೊದಿಸಿದ್ದು. ಒಟ್ಟು ತೂಕ ಸುಮಾರು 750 ಕೆ.ಜಿ. ಮುಂದೆ ಇದೇ ಅಂಬಾರಿಯನ್ನು ಚಿತ್ರದಲ್ಲಿ ಗುರುತಿಸುವುದಿದೆ.

ಆನೆ ಬಾಗಿಲು ದಾಟಿದ ಮೇಲೆ ಸಿಗುವ ಕಲ್ಯಾಣ ಮಂಟಪಕ್ಕೆ ಕನಿಷ್ಠ ಇಪ್ಪತ್ತು ನಿಮಿಷ ಕೊಡಿ. ಎಂಟು ಮೂಲೆಯ ಈ ಮಂಟಪದ ಸೂರು ಪೂರ್ತಿ ಬಣ್ಣದ ಗಾಜು, ನವಿಲಿನ ಚಿತ್ತಾರ. ಮೋಡ ಕವಿದ ದಿನ ಬಣ್ಣ ಮಂಕಾಗುತ್ತದೆ; ಬಿಸಿಲು ಮೇಲೇರಿದಾಗಲೇ ಅದರ ನಿಜವಾದ ಸೊಗಸು. ಕಂಬಗಳು ಕಲ್ಲಿನವಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣ. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಬೆಂಕಿಗೆ ಆಹುತಿಯಾಗಿತ್ತು. ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ರ ಹೊತ್ತಿಗೆ ಮುಗಿದ ಈಗಿನ ಕಟ್ಟಡದಲ್ಲಿ ಕಲ್ಲು, ಕಬ್ಬಿಣಗಳಿಗೆ ಇಷ್ಟು ಜಾಗ ಸಿಕ್ಕಿದ್ದರ ಹಿಂದೆ ಆ ಬೆಂಕಿಯ ಭಯವಿದೆ.

ಎಲ್ಲರೂ ಕತ್ತೆತ್ತಿ ಗಾಜು ನೋಡುತ್ತಾರೆ, ಸುತ್ತಲಿನ ಗೋಡೆಯನ್ನು ಬಿಟ್ಟುಬಿಡುತ್ತಾರೆ. ಅಲ್ಲಿರುವ 26 ಚಿತ್ರಗಳು ಬಿಡಿಬಿಡಿಯಲ್ಲ, ಒಂದೇ ಜಂಬೂಸವಾರಿಯ ಮುಂದುವರಿಕೆ. ನಡುವಿನಿಂದ ಶುರು ಮಾಡಿದರೆ ಮೆರವಣಿಗೆ ತಲೆಬುಡ ತಿಳಿಯುವುದಿಲ್ಲ. ಒಂದು ತುದಿಯಿಂದ ಹಿಡಿದು ಗೋಡೆಗುಂಟ ಸುತ್ತು ಬನ್ನಿ. ಅರಮನೆಯ ಚಿತ್ರಕಾರರು ಫೋಟೋಗಳನ್ನು ಇಟ್ಟುಕೊಂಡು ಬರೆದದ್ದರಿಂದ ಹಲವು ಮುಖಗಳು ಆ ಕಾಲದ ನಿಜವಾದ ಜನರವು. ಅಂಬಾರಿಯ ಚಿತ್ರ ಸಿಕ್ಕಾಗ ಒಳಗೆ ಕೂತವರನ್ನು ಗಮನಿಸಿ: ಈಗ ಚಾಮುಂಡೇಶ್ವರಿ ಇರುವ ಜಾಗದಲ್ಲಿ ಆಗ ಮಹಾರಾಜರು.

ಮೇಲಿನ ಸಾರ್ವಜನಿಕ ದರ್ಬಾರು ಹಾಲಿನಲ್ಲಿ ಕಂಬಸಾಲು ದೂರದಿಂದ ಚೆಂದ, ಹಿಂಬದಿಯ ಗೋಡೆಯ ಹತ್ತಿರ ನಿಂತು ನೋಡಿ. ಖಾಸಗಿ ದರ್ಬಾರಿನ ಹಾಲಾದ ಅಂಬಾವಿಲಾಸದಲ್ಲಿ ಮಾತ್ರ ಜನ ತಳ್ಳಿಕೊಂಡು ಹೋಗುತ್ತಾರೆ. ಒಂದು ಬದಿಗೆ ಸರಿದು, ಗುಂಪು ಮುಂದೆ ಹೋಗಲಿ ಬಿಡಿ. ಚಿನ್ನದ ಬಣ್ಣದ ಕಂಬಗಳು ತಾವೇ ಕಣ್ಣಿಗೆ ಬೀಳುತ್ತವೆ. ಹುಡುಕಿ ನೋಡಬೇಕಾದದ್ದು ಬೆಳ್ಳಿಯ ಬಾಗಿಲು, ಬೀಟೆ ಮರಕ್ಕೆ ದಂತ ಕೂರಿಸಿದ ಬಾಗಿಲು, ಅಮೃತಶಿಲೆಯೊಳಗೆ ಬಣ್ಣದ ಕಲ್ಲು ಹುದುಗಿಸಿದ ನೆಲ. ಏನನ್ನೂ ಮುಟ್ಟಬೇಡಿ, ಬೆವರಿನ ಕೈ ಹೊಳಪನ್ನು ತಿನ್ನುತ್ತದೆ.

ದೀಪಾಲಂಕಾರ ಭಾನುವಾರ, ಸರ್ಕಾರಿ ರಜಾದಿನ ಮತ್ತು ದಸರೆಯ ರಾತ್ರಿಗಳಲ್ಲಿ. ಸಾಮಾನ್ಯವಾಗಿ ಸಂಜೆ ಏಳರ ಸುಮಾರಿಗೆ ಹತ್ತಿ, ಒಂದು ಗಂಟೆಯೊಳಗೆ ಆರುತ್ತದೆ. ಭಾನುವಾರ ಒಂದೇ ದಿನ ಸಿಕ್ಕಿದರೆ ಬೆಳಿಗ್ಗೆ ಹತ್ತಕ್ಕೇ ಹೋಗಿ ಒಳಗನ್ನು ಮುಗಿಸಿ, ಆರೂವರೆಗೆ ಮತ್ತೆ ಬನ್ನಿ. ನಡುವಿನ ಹೊತ್ತಿಗೆ ಹತ್ತಿರದಲ್ಲೇ ಜಗನ್ಮೋಹನ ಅರಮನೆ ಇದೆ, ರವಿವರ್ಮನ ಚಿತ್ರಗಳಿಗೆ ಅಲ್ಲಿಗೇ ಹೋಗಬೇಕು. ಅಲ್ಲಿನ ಹೆಸರುವಾಸಿ ‘ದೀಪ ಹಿಡಿದ ಮಹಿಳೆ’ ಮಾತ್ರ ರವಿವರ್ಮನದಲ್ಲ, ಹಳ್ದಣಕರ್ ಅವರದು.