ಸ್ಪಿತಿಯ ದಾರಿಗೆ ಹದಿನೈದು ಕಿಲೋ ಹೊರೆ

2017ರ ಜುಲೈ ತಿಂಗಳಲ್ಲಿ ಮೊದಲ ಬಾರಿ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೋದಾಗ ನನ್ನ ಬೈಕಿನ ಮೇಲೆ 34 ಕಿಲೋ ಸಾಮಾನಿತ್ತು. ಗ್ರಾಂಫೂ ದಾಟಿ ಬಾತಲ್ ಕಡೆಗೆ ಸಾಗುವ ದಾರಿಯಲ್ಲಿ ಹಿಮ ಕರಗಿದ ನೀರು ಹಳ್ಳವಾಗಿ ರಸ್ತೆಯ ಮೇಲೆಯೇ ಹರಿಯುತ್ತದೆ. ಬೆಳಿಗ್ಗೆ ಕಡಿಮೆಯಿರುವ ಈ ನೀರು ಬಿಸಿಲೇರಿದ ಹಾಗೆ ಹೆಚ್ಚುತ್ತಾ ಹೋಗುತ್ತದೆ. ಛೋಟಾ ಧಾರಾದ ಹತ್ತಿರ ಅಂಥದೊಂದು ಹಳ್ಳದ ನಡುವೆ ಮುಂದಿನ ಗಾಲಿ ಗುಂಡುಕಲ್ಲಿಗೆ ತಾಗಿ ಬೈಕು ಮಗ್ಗುಲಾಯಿತು. ಮೂರು ಸಲ ಎತ್ತಲು ನೋಡಿದೆ, ಆಗಲಿಲ್ಲ. ಹಿಂದಿನಿಂದ ಬಂದ ಲಾರಿಯ ಇಬ್ಬರು ಇಳಿದು ಕೈಹಚ್ಚುವವರೆಗೆ, ಕೊರೆಯುವ ನೀರಿನಲ್ಲಿ ಸುಮಾರು ಅರ್ಧ ಗಂಟೆ ನಿಂತಿದ್ದೆ. ಆ ರಾತ್ರಿ ಬಾತಲ್‌ನ ಢಾಬಾದಲ್ಲಿ ಒದ್ದೆಯಾದ ಗಂಟುಗಳನ್ನು ಬಿಚ್ಚಿ ಹರಡಿದಾಗ, ಹುಬ್ಬಳ್ಳಿ ಬಿಟ್ಟ ದಿನದಿಂದ ಒಮ್ಮೆಯೂ ಮುಟ್ಟದ ವಸ್ತುಗಳೇ ಅರ್ಧಕ್ಕಿಂತ ಹೆಚ್ಚಿರುವುದು ಕಂಡಿತು.

ಎರಡು ವರ್ಷಗಳ ನಂತರ, 2019ರ ಸೆಪ್ಟೆಂಬರ್‌ನಲ್ಲಿ ಅದೇ ದಾರಿಗೆ ಸಿದ್ಧನಾಗುವಾಗ ಒಂದೇ ಅಳತೆಯನ್ನು ಇಟ್ಟುಕೊಂಡೆ: ಮಗ್ಗುಲಾದ ಬೈಕನ್ನು ಸಾಮಾನು ಬಿಚ್ಚದೆ ನಾನೊಬ್ಬನೇ ಎತ್ತಲು ಸಾಧ್ಯವಾಗಬೇಕು. ಮನೆಯ ಅಂಗಳದಲ್ಲಿ ಹಳೆಯ ಹಾಸಿಗೆ ಹಾಸಿ, ಅದರ ಮೇಲೆ ಬೈಕನ್ನು ಮಲಗಿಸಿ, ಬೆನ್ನನ್ನು ಸೀಟಿಗೆ ಆನಿಸಿ ಕಾಲಿನ ಬಲದಿಂದ ಎತ್ತಿ ನೋಡಿದೆ. ಹೊರೆ 15 ಕಿಲೋ ಇದ್ದಾಗ ಎದ್ದು ನಿಂತ ಬೈಕು 20 ಕಿಲೋ ಆದಾಗ ಅಲುಗಾಡಲಿಲ್ಲ. ಹಾಗಾಗಿ 15 ಎಂಬುದು ನನ್ನ ಮೈಗೂ ನನ್ನ ಬೈಕಿಗೂ ಸಂಬಂಧಪಟ್ಟ ಲೆಕ್ಕ. ಬೇರೆಯವರಿಗೆ ಅದು 10 ಆಗಬಹುದು, 22 ಆಗಬಹುದು. ಅಡುಗೆಮನೆಯ ತಕ್ಕಡಿಯಲ್ಲಿ ಪ್ರತಿಯೊಂದು ವಸ್ತುವನ್ನೂ ತೂಗಿ ಬರೆದು, ಹಿಂದಿನ ಪ್ರವಾಸದಲ್ಲಿ ಬಳಸದೇ ಇದ್ದುದನ್ನೆಲ್ಲ ಹೊಡೆದುಹಾಕಿದೆ. ಔಷಧಿ, ಮಳೆ ಅಂಗಿ ಮತ್ತು ರಿಪೇರಿ ಸಾಮಾನು ಮಾತ್ರ ಈ ನಿಯಮಕ್ಕೆ ಹೊರತು.

ಅತಿ ಹೆಚ್ಚು ತೂಕ ಇಳಿದದ್ದು ಮಲಗುವ ವ್ಯವಸ್ಥೆಯಲ್ಲಿ. ಮೊದಲ ಸಲ ಮನೆಯ ಕುರಿ ಉಣ್ಣೆಯ ಕಂಬಳಿ ಒಯ್ದಿದ್ದೆ. ನಮ್ಮ ಕಡೆಯ ಚಳಿ ಮಳೆಗೆ ಅದರಂಥ ಹೊದಿಕೆ ಇನ್ನೊಂದಿಲ್ಲ. ಆದರೆ ಬೈಕಿನ ಮೇಲೆ ಅದು ಜಾಗ ತಿನ್ನುತ್ತದೆ, ನೆನೆದರೆ ಒಣಗಲು ಎರಡು ದಿನ ಬೇಡುತ್ತದೆ. ಅದರ ಬದಲು ಹಕ್ಕಿಯ ನವಿರುಪುಕ್ಕ ತುಂಬಿದ 1.1 ಕಿಲೋದ ಸ್ಲೀಪಿಂಗ್ ಬ್ಯಾಗ್ ತೆಗೆದುಕೊಂಡೆ. ಈ ಪುಕ್ಕ ಒದ್ದೆಯಾದರೆ ಮುದ್ದೆಗಟ್ಟಿ ಬೆಚ್ಚಗಿಡುವ ಗುಣವನ್ನು ಕಳೆದುಕೊಳ್ಳುವುದರಿಂದ, ಬಾಯಿ ಸುರುಳಿ ಸುತ್ತಿ ಮುಚ್ಚುವ ನೀರು ನುಗ್ಗದ ಚೀಲದೊಳಗೆ ಅದನ್ನು ಇಡುವುದು ಕಡ್ಡಾಯ. ಕೆಳಗೆ ಹಾಸಲು 400 ಗ್ರಾಮಿನ ಫೋಮ್ ಚಾಪೆ ಇತ್ತು. ಗಾಳಿ ತುಂಬುವ ಚಾಪೆ ಇನ್ನೂ ಮೆತ್ತಗಿರುತ್ತದೆ, ಆದರೆ ಮುಳ್ಳು ಚುಚ್ಚಿದರೆ ರಾತ್ರಿಯೆಲ್ಲ ನೆಲದ ಚಳಿ ನೇರವಾಗಿ ಬೆನ್ನಿಗೆ. ಇಬ್ಬರು ಮಲಗುವ ಟೆಂಟ್ 1.9 ಕಿಲೋ ತೂಗಿತು.

ಊಟದ ವಿಷಯದಲ್ಲಿ ನಮ್ಮ ಧಾರವಾಡ ಸೀಮೆಯ ಬುತ್ತಿಗಿಂತ ಹಗುರವಾದದ್ದನ್ನು ನಾನು ಯಾವ ಅಂಗಡಿಯಲ್ಲಿಯೂ ಕಂಡಿಲ್ಲ. ಸುಮಾರು 4,200 ಮೀಟರ್ ಎತ್ತರದಲ್ಲಿ ನೀರು 86 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುವುದರಿಂದ, ಕುಕ್ಕರ್ ಇಲ್ಲದೆ ಅನ್ನ ಬೇಯಿಸಲು ಹೊರಟರೆ ಗ್ಯಾಸ್ ಮುಗಿದರೂ ಅಕ್ಕಿ ಅರೆಬೆಂದೇ ಇರುತ್ತದೆ. ಅವಲಕ್ಕಿಗೆ ಬಿಸಿನೀರು ಹಾಕಿ ಮುಚ್ಚಿಟ್ಟರೆ ಸಾಕು. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ, ಒಣ ಅವಲಕ್ಕಿ, ಬೆಲ್ಲ ಎಲ್ಲ ಸೇರಿ ಎರಡೂವರೆ ಕಿಲೋ ಆಯಿತು. "ದಾರ್ಯಾಗ ಹಸಕೊಂಡು ಇರಬ್ಯಾಡಪಾ" ಎಂದು ಅವ್ವ ಇನ್ನೊಂದು ಡಬ್ಬಿ ಮುಂದೆ ಮಾಡಿದಾಗ, ಅದನ್ನು ಬಿಟ್ಟು ಹೊರಡುವುದು ತಕ್ಕಡಿಯ ಎಲ್ಲ ಲೆಕ್ಕಗಳಿಗಿಂತ ಕಷ್ಟವಾಯಿತು. ರೊಟ್ಟಿಗಳನ್ನು ನಿಲ್ಲಿಸಿಟ್ಟರೆ ರಸ್ತೆಯ ಕುಲುಕಾಟಕ್ಕೆ ಮೂರೇ ದಿನದಲ್ಲಿ ಪುಡಿಯಾಗುತ್ತವೆ; ಆದ್ದರಿಂದ ಒಂದರ ಮೇಲೊಂದು ಮಲಗಿಸಿ, ಹತ್ತಿಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಮಡಚಿದ ಬಟ್ಟೆಗಳ ನಡುವೆ ಇಟ್ಟೆ.

ಒಲೆಗೆ ಬೇಕಾದ ಗ್ಯಾಸ್ ಡಬ್ಬಿಯನ್ನು ರೈಲಿನಲ್ಲಾಗಲಿ ವಿಮಾನದಲ್ಲಾಗಲಿ ಒಯ್ಯುವಂತಿಲ್ಲ, ಮನಾಲಿಯಲ್ಲಿ ಕೊಂಡುಕೊಳ್ಳಬೇಕು. ಬರಿಯ ಬ್ಯೂಟೇನ್ ತುಂಬಿದ ಡಬ್ಬಿ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗಲಾರದೆ ಉರಿ ಕುಗ್ಗುತ್ತದೆ. ಪ್ರೋಪೇನ್ ಬೆರೆತದ್ದನ್ನೇ ಕೇಳಿ ಪಡೆದೆ, ರಾತ್ರಿ ಅದನ್ನು ಜಾಕೆಟ್‌ನಲ್ಲಿ ಸುತ್ತಿ ಟೆಂಟಿನೊಳಗೆ ಇಟ್ಟುಕೊಂಡೆ. ಒಲೆಯನ್ನು ಮಾತ್ರ ಯಾವಾಗಲೂ ಟೆಂಟಿನ ಹೊರಗೇ ಹಚ್ಚುತ್ತಿದ್ದೆ.

ನನ್ನ ಬೈಕಿನ ಮುಂದಿನ ಗಾಲಿ 21 ಇಂಚು, ಹಿಂದಿನದು 18 ಇಂಚು, ಎರಡಕ್ಕೂ ಟ್ಯೂಬ್ ಇದೆ. ಎರಡು ಟ್ಯೂಬ್ ಒಯ್ಯುವ ಬದಲು 21 ಇಂಚಿನದೊಂದನ್ನೇ ಒಯ್ದೆ. ಅಗತ್ಯ ಬಿದ್ದರೆ ಅದನ್ನು ಹಿಂದಿನ ಟೈರಿನಲ್ಲಿಯೂ ಹಾಕಿ ಮುಂದಿನ ಊರು ಮುಟ್ಟಬಹುದು.

ತೂಕ ಇಳಿಸಿದಷ್ಟೇ ಮುಖ್ಯವಾದದ್ದು ಅದನ್ನು ಎಲ್ಲಿ ಇಡುತ್ತೇವೆ ಎಂಬುದು. ಮೊದಲ ಸಲ ಭಾರವನ್ನೆಲ್ಲ ಹಿಂದಿನ ಕ್ಯಾರಿಯರ್ ಮೇಲೆ ಹೇರಿದ್ದರಿಂದ ಮುಂದಿನ ಗಾಲಿ ಹಗುರವಾಗಿ, ಜಲ್ಲಿಯಲ್ಲಿ ಹ್ಯಾಂಡಲ್ ಅಲುಗಾಡುತ್ತಿತ್ತು. ಈ ಬಾರಿ ಪಾನಾ, ಟ್ಯೂಬ್, ಪಂಪುಗಳನ್ನು ಎರಡೂ ಪಕ್ಕದ ಬಟ್ಟೆ ಚೀಲಗಳ ತಳದಲ್ಲಿ, ಆದಷ್ಟು ಮುಂದಕ್ಕೆ ಇಟ್ಟು, ಎರಡನ್ನೂ ತೂಗಿ ಸಮ ಮಾಡಿದೆ. ಹಿಂದಿನ ಸೀಟಿನ ಮೇಲೆ ಇದ್ದದ್ದು ಟೆಂಟ್, ಚಾಪೆ ಮತ್ತು ಸ್ಲೀಪಿಂಗ್ ಬ್ಯಾಗ್ ಮಾತ್ರ. ಅವನ್ನು ಕೊಕ್ಕೆಯ ಎಲಾಸ್ಟಿಕ್ ಹಗ್ಗದ ಬದಲು ಹಳೆಯ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿದ ಪಟ್ಟಿಗಳಿಂದ ಬಿಗಿದೆ. ನಮ್ಮೂರಿನ ಹಾಲಿನವರು ಕ್ಯಾನುಗಳನ್ನು ಕಟ್ಟುವುದೂ ಹೀಗೆಯೇ, ಎಷ್ಟು ಕುಲುಕಿದರೂ ಅದು ಸಡಿಲುವುದಿಲ್ಲ.

ಛೋಟಾ ಧಾರಾದ ಹಳ್ಳದಲ್ಲಿ ಈ ಸಲವೂ ಬೈಕು ಒಮ್ಮೆ ವಾಲಿತು. ಸೆಪ್ಟೆಂಬರ್ ಆದ್ದರಿಂದ ನೀರು ಕಡಿಮೆಯಿತ್ತು ನಿಜ, ಆದರೂ ಎತ್ತಲು ಯಾರಿಗಾಗಿಯೂ ಕಾಯಬೇಕಾಗಲಿಲ್ಲ. ಚಂದ್ರತಾಲ್ ಸರೋವರದ ದಂಡೆಯಲ್ಲಿ ಟೆಂಟ್ ಹಾಕುವುದಕ್ಕೆ ನಿಷೇಧವಿದೆ. ಅದಕ್ಕಿಂತ ಹಿಂದೆಯೇ ಇರುವ ಕ್ಯಾಂಪ್ ಜಾಗದಲ್ಲಿ ಹಣ ಕೊಟ್ಟು ತಂಗಿದೆ. ಬೆಳಿಗ್ಗೆ ಎದ್ದಾಗ ನನ್ನ ಉಸಿರಿನ ತೇವವೇ ಟೆಂಟಿನ ಒಳಮೈಯಲ್ಲಿ ಹೆಪ್ಪುಗಟ್ಟಿ ಬಿಳಿಯ ಪುಡಿಯಂತೆ ಉದುರುತ್ತಿತ್ತು. ಅದನ್ನು ಕೊಡವಿ, ಟೆಂಟನ್ನು ಸ್ಲೀಪಿಂಗ್ ಬ್ಯಾಗಿನಿಂದ ಬೇರೆಯಾಗಿ ಹೊರಗೆ ಕಟ್ಟಿಕೊಂಡು ಕುಂಜುಮ್ ಕಣಿವೆಮಾರ್ಗ ಹತ್ತಿಳಿದೆ. ಲೋಸರ್‌ನಲ್ಲಿ ಚಹಾಕ್ಕೆ ನಿಂತಾಗ ಅದನ್ನು ಬೈಕಿನ ಮೇಲೆಯೇ ಹರಡಿದೆ. ಎರಡು ಲೋಟ ಚಹಾ ಮುಗಿಯುವಷ್ಟರಲ್ಲಿ ಆ ಒಣ ಗಾಳಿಗೆ ಪೂರ್ತಿ ಒಣಗಿತ್ತು.