ರಿಯಾಕ್ಟ್‌ನಲ್ಲಿ ಬಳಕೆದಾರರ ಈವೆಂಟ್‌ಗಳನ್ನು ನಿರ್ವಹಿಸುವ ಬಗೆ

ವೆಬ್‌ಪುಟಗಳನ್ನು ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿಯಾದ ರಿಯಾಕ್ಟ್‌ನಲ್ಲಿ ಬಟನ್ ಒತ್ತಿದಾಗ ಏನು ನಡೆಯಬೇಕೆಂಬುದನ್ನು ಅದರ ಆನ್‌ಕ್ಲಿಕ್ ಪ್ರಾಪ್‌ಗೆ (ಪ್ರಾಪ್ ಎಂದರೆ ಹೊರಗಿನಿಂದ ಕೊಡುವ ಮೌಲ್ಯ) ಹ್ಯಾಂಡ್ಲರ್ ಎನ್ನುವ ಒಂದು ಫಂಕ್ಷನ್ ಕೊಟ್ಟು ತಿಳಿಸುತ್ತೇವೆ. ಅಲ್ಲಿ ಫಂಕ್ಷನ್‌ನ ಹೆಸರನ್ನಷ್ಟೇ ಬರೆಯಬೇಕು; ಹೆಸರಿನ ಮುಂದೆ ಆವರಣ ಚಿಹ್ನೆಗಳನ್ನೂ () ಸೇರಿಸಿದರೆ, ಯಾರೂ ಬಟನ್ ಒತ್ತದಿದ್ದರೂ ಕಾಂಪೊನೆಂಟ್ (ಪುಟದ ಒಂದು ಭಾಗ) ರೆಂಡರ್ ಆಗುವ, ಅಂದರೆ ಪರದೆಗಾಗಿ ರೂಪುಗೊಳ್ಳುವ, ಪ್ರತಿ ಸಲವೂ ಅದು ಓಡುತ್ತದೆ, ಅದರೊಳಗೆ ಸ್ಟೇಟ್ (ಕಾಂಪೊನೆಂಟ್ ನೆನಪಿಟ್ಟುಕೊಳ್ಳುವ ಮಾಹಿತಿ) ಬದಲಾಗುತ್ತಿದ್ದರಂತೂ ರೆಂಡರ್‌ಗಳ ಸರಣಿ ಮುಗಿಯದೆ ಕೊನೆಗೆ ದೋಷಸಂದೇಶ ಬರುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಆರ್ಗ್ಯುಮೆಂಟ್ ಕಳುಹಿಸಬೇಕಿದ್ದರೆ ಆ ಕರೆಯನ್ನು ಆ್ಯರೋ ಫಂಕ್ಷನ್‌ನೊಳಗೆ (=> ಚಿಹ್ನೆಯಿಂದ ಬರೆಯುವ ಚಿಕ್ಕ ಫಂಕ್ಷನ್) ಇಡಿ.

ಫಾರ್ಮ್ ಇದ್ದಲ್ಲಿ ಬಟನ್‌ನ ಕ್ಲಿಕ್‌ಗಿಂತ ಫಾರ್ಮ್‌ನ ಆನ್‌ಸಬ್ಮಿಟ್ ಅನ್ನೇ ಬಳಸಿ. ಕಡ್ಡಾಯ ಖಾನೆ ಖಾಲಿಯಿದ್ದರೂ ಕ್ಲಿಕ್ ಈವೆಂಟ್ ಬರುತ್ತದೆ. ಸಬ್ಮಿಟ್ ಈವೆಂಟ್ ಸಾಮಾನ್ಯವಾಗಿ ಬ್ರೌಸರ್‌ನ ತಪಾಸಣೆ ದಾಟಿದ ಮೇಲೆಯೇ ಬರುತ್ತದೆ. ಪುಟ ಮತ್ತೆ ಲೋಡ್ ಆಗದಂತೆ ಹ್ಯಾಂಡ್ಲರ್‌ನ ಮೊದಲ ಸಾಲಿನಲ್ಲೇ ಪ್ರಿವೆಂಟ್‌ಡಿಫಾಲ್ಟ್ ಕರೆಯಿರಿ.

ಕ್ಲಿಕ್ ಮಾಡಬಹುದಾದ ಕಾರ್ಡ್‌ನೊಳಗೆ ಅಳಿಸುವ ಬಟನ್ ಇದ್ದರೆ, ಬಟನ್‌ನ ಈವೆಂಟ್ ಮೇಲೇರಿ ಕಾರ್ಡ್‌ನ ಹ್ಯಾಂಡ್ಲರ್ ಅನ್ನೂ ತಟ್ಟುತ್ತದೆ. ಇದನ್ನು ಸ್ಟಾಪ್‌ಪ್ರಾಪಗೇಶನ್ ತಡೆಯುತ್ತದೆ. 2020ರಲ್ಲಿ ಬಂದ 17ನೇ ಆವೃತ್ತಿಯಿಂದ ರಿಯಾಕ್ಟ್ ತನ್ನ ಬಹುತೇಕ ಲಿಸನರ್‌ಗಳನ್ನು (ಈವೆಂಟ್‌ಗಾಗಿ ಕಾಯುವ ಫಂಕ್ಷನ್‌ಗಳು) ಇಡೀ ಪುಟವಾದ ಡಾಕ್ಯುಮೆಂಟ್‌ಗೆ ಬದಲಾಗಿ, ರಿಯಾಕ್ಟ್ ಆ್ಯಪ್ ಕೂರುವ ರೂಟ್ ಕಂಟೇನರ್‌ಗೆ ಜೋಡಿಸುತ್ತದೆ ಎಂಬುದು, ಹಳೆಯ ಕೋಡ್‌ನೊಡನೆ ಬೆರೆಸುವವರಿಗೆ ನೆನಪಿರಲಿ. ಬರೀ ಪೆಟ್ಟಿಗೆಯಂಥ ಎಚ್‌ಟಿಎಮ್‌ಎಲ್ ಎಲಿಮೆಂಟ್ ಆದ ಡಿವ್‌ಗೆ ಆನ್‌ಕ್ಲಿಕ್ ಹಚ್ಚಬೇಡಿ. ಕೀಬೋರ್ಡ್ ಬಳಸುವವರಿಗೆ ತಾನಾಗಿ ಸ್ಪಂದಿಸುವುದು ನಿಜವಾದ ಬಟನ್, ಡಿವ್ ಅಲ್ಲ.